ತಗಡಿಗೆ ಅಲೆ ಏಕೆ?



ನಿಮ್ಮ ಊರಿನಲ್ಲಿ ತಗಡಿನ ಚಾವಣಿ ಎಲ್ಲೆಲ್ಲಿ ಇದೆ ಎಂದು ಒಮ್ಮೆ ಎಣಿಸಿ ನೋಡಿ. ಹಿಟ್ಟಿನ ಗಿರಣಿ, ದನದ ಕೊಟ್ಟಿಗೆ, ಹೊಲದಲ್ಲಿರುವ ಪಂಪ್‌ಸೆಟ್ಟಿನ ಗೂಡು, ಪಂಕ್ಚರ್ ಅಂಗಡಿ, ಸಂತೆಯ ಕಟ್ಟೆ, ನಿಮ್ಮ ಶಾಲೆಯಲ್ಲಿ ಸೈಕಲ್ ನಿಲ್ಲಿಸುವ ಜಾಗ. ಎಣಿಸುತ್ತಾ ಹೋದರೆ ಕೈಬೆರಳು ಸಾಲದು. ನಮ್ಮ ಧಾರವಾಡದ ಕಡೆ ಇದಕ್ಕೆ ಪತ್ರಾಸು ಎನ್ನುತ್ತಾರೆ. ಮೈಸೂರಿನ ಕಡೆ ಜಿಂಕ್ ಶೀಟು ಎನ್ನುತ್ತಾರೆ. ತಗಡು ಎಂದರೆ ಎಲ್ಲ ಕಡೆಯೂ ತಿಳಿಯುತ್ತದೆ.

ಹೆಸರು ಯಾವುದೇ ಇರಲಿ, ಒಂದು ಸಂಗತಿ ಮಾತ್ರ ಎಲ್ಲ ಕಡೆಯೂ ಒಂದೇ. ಚಾವಣಿಯ ತಗಡು ಚಪ್ಪಟೆಯಾಗಿ ಇರುವುದಿಲ್ಲ. ಗಾಳಿ ಬೀಸಿದಾಗ ಕೆರೆಯ ನೀರಿನಲ್ಲಿ ಏಳುವ ಅಲೆಗಳ ಹಾಗೆ ಏರು, ತಗ್ಗು, ಮತ್ತೆ ಏರು, ಮತ್ತೆ ತಗ್ಗು. ಏಕೆ ಹೀಗೆ? 'ಮಳೆ ನೀರು ಹರಿದು ಹೋಗಲಿ ಎಂದು' ಎಂಬ ಉತ್ತರ ನಿಮ್ಮ ನಾಲಿಗೆಯ ತುದಿಯಲ್ಲಿ ಇರಬಹುದು. ನಾನು ಹೋದ ಶಾಲೆಗಳಲ್ಲೆಲ್ಲ ಮಕ್ಕಳು ಇದನ್ನೇ ಹೇಳುತ್ತಾರೆ. ಈ ಉತ್ತರ ತಪ್ಪಲ್ಲ. ಆದರೆ ಸ್ವಲ್ಪ ಇಳಿಜಾರಾಗಿ ಇಟ್ಟರೆ ಚಪ್ಪಟೆ ತಗಡಿನ ಮೇಲೂ ನೀರು ಹರಿದೇ ಹರಿಯುತ್ತದೆ! ಹಾಗಿದ್ದ ಮೇಲೆ ಇಷ್ಟು ಕಷ್ಟಪಟ್ಟು ಅಲೆ ಮಾಡುವುದು ಏತಕ್ಕೆ?

ನಿಜ ಹೇಳಬೇಕೆಂದರೆ, ಎಂಎಸ್ಸಿ ಓದಿದ್ದರೂ ನಾನು ಈ ಪ್ರಶ್ನೆಯನ್ನು ಸರಿಯಾಗಿ ಯೋಚಿಸಿರಲಿಲ್ಲ. ನಾನೇ ಮಾಡಿದ ಒಂದು ತಪ್ಪು ನನ್ನನ್ನು ಯೋಚಿಸುವಂತೆ ಮಾಡಿತು.

ನಲ್ಲಿಯ ಮೇಲಿನ ನೆರಳು

ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಊಟಕ್ಕೆ ಮೊದಲು ಕೈ ತೊಳೆಯಲು ಸಾಲಾಗಿ ನಲ್ಲಿಗಳನ್ನು ಹಾಕಿದ್ದರು. ಬಿಸಿಲಿಗೂ ಮಳೆಗೂ ಮಕ್ಕಳು ನಿಲ್ಲುವುದು ಕಷ್ಟವಾಗುತ್ತಿತ್ತು. ಶಾಲೆಯಲ್ಲಿ ಒಂದು ತಗಡು ಮಿಕ್ಕಿತ್ತು. ಉದ್ದ 3 ಮೀಟರ್, ಅಗಲ 80 ಸೆಂ.ಮೀ. ನಲ್ಲಿಗಳ ಸಾಲು ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದ. ಆ ದಿನ ನಾನು ಅಲ್ಲಿಗೆ ಭೇಟಿಗೆ ಹೋಗಿದ್ದೆ. ನಾಲ್ಕು ಕಂಬ ನೆಡಿಸಿ, ಎರಡು ಉದ್ದ ಪೈಪುಗಳನ್ನು ನಲ್ಲಿಯ ಸಾಲಿನ ಉದ್ದಕ್ಕೆ ಹಾಕಿಸಿ, ಅವುಗಳ ಮೇಲೆ ತಗಡನ್ನು ಇಡಿಸಿದೆ. ಪೈಪುಗಳು ಉದ್ದಕ್ಕೆ, ಅಲೆಗಳೂ ಉದ್ದಕ್ಕೆ. ನೋಡಲು ಚೆನ್ನಾಗಿಯೇ ಇತ್ತು.

ಎರಡು ವಾರ ಬಿಟ್ಟು ಹೋದಾಗ ತಗಡು ಜೋಳಿಗೆಯಂತೆ ನಡುವೆ ಜಗ್ಗಿತ್ತು. ಅದರಲ್ಲಿ ಮಳೆಯ ನೀರು ನಿಂತಿತ್ತು. ನೀರಿನ ಭಾರಕ್ಕೆ ಇನ್ನಷ್ಟು ಜಗ್ಗುತ್ತಿತ್ತು. ಅದೃಷ್ಟಕ್ಕೆ ಯಾರ ತಲೆಯ ಮೇಲೂ ಬೀಳಲಿಲ್ಲ. ತಗಡು ತೆಳುವಾಯಿತು, ದಪ್ಪನೆಯದು ತರಿಸಬೇಕು ಎಂದು ನಾನೂ ಮುಖ್ಯೋಪಾಧ್ಯಾಯರೂ ಮಾತನಾಡುತ್ತಿದ್ದೆವು. ಪಕ್ಕದಲ್ಲಿ ತಟ್ಟೆ ತೊಳೆಯುತ್ತಿದ್ದ ಏಳನೇ ತರಗತಿಯ ಹುಡುಗಿ, 'ಸರ್, ತಗಡು ಚಲೋನ ಐತ್ರಿ. ಪೈಪು ತಪ್ಪು ಹಾಕೀವ್ರಿ' ಎಂದಳು. ಅವರ ಮನೆಯ ಕೊಟ್ಟಿಗೆಯಲ್ಲಿ ಪೈಪುಗಳು ಅಲೆಗೆ ಅಡ್ಡಲಾಗಿ ಇವೆಯಂತೆ.

ಅವಳ ಮಾತು ಸರಿಯಾಗಿತ್ತು. ಏಕೆ ಸರಿ ಎಂದು ನೋಡಲು ತಗಡು ಬೇಡ, ನೋಟ್ ಪುಸ್ತಕದ ಒಂದು ಹಾಳೆ ಸಾಕು.

ಮಾಡಿ ನೋಡಿ

ಎರಡು ಪುಸ್ತಕಗಳನ್ನು ಒಂದು ಗೇಣು ದೂರದಲ್ಲಿ ಇಡಿ. ಅವುಗಳ ನಡುವೆ ಸೇತುವೆಯ ಹಾಗೆ ಒಂದು ಹಾಳೆಯನ್ನು ಚಪ್ಪಟೆಯಾಗಿ ಇಡಿ. ಹಾಳೆ ತನ್ನ ಭಾರಕ್ಕೇ ಜಗ್ಗುತ್ತದೆ. ಒಂದು ರೂಪಾಯಿ ನಾಣ್ಯ ಇಟ್ಟರೆ ಕುಸಿದೇ ಹೋಗುತ್ತದೆ.

ಈಗ ಅದೇ ಹಾಳೆಯನ್ನು ಬೀಸಣಿಗೆ ಮಾಡುವಂತೆ ಉದ್ದಕ್ಕೆ ಸಣ್ಣ ಸಣ್ಣ ಮಡಿಕೆಗಳಾಗಿ ಮಡಿಸಿ. ಮೊದಲು ಹಾಳೆಯ ಅಗಲವನ್ನು ಅಳೆದು ಬರೆದುಕೊಂಡಿರಿ, ಮುಂದೆ ಬೇಕಾಗುತ್ತದೆ. ಮಡಿಕೆಗಳನ್ನು ಸ್ವಲ್ಪ ಬಿಡಿಸಿ, ಮಡಿಕೆಯ ಗೆರೆಗಳು ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕದ ಕಡೆಗೆ ಹೋಗುವಂತೆ ಇಡಿ. ನಾಣ್ಯಗಳನ್ನು ಒಂದೊಂದಾಗಿ ಇಡುತ್ತಾ ಎಣಿಸಿ. ಎಷ್ಟು ತಡೆಯಿತು?

ಹಾಳೆಯನ್ನು ಕಾಲು ಸುತ್ತು ತಿರುಗಿಸಿ. ಈಗ ಗೆರೆಗಳು ಪುಸ್ತಕದ ಅಂಚಿಗೆ ಸಮಾನಾಂತರವಾಗಿವೆ. ನಾಣ್ಯ ಇಡುವ ಮೊದಲೇ ಹಾಳೆ ಹಾರ್ಮೋನಿಯಂ ಪೆಟ್ಟಿಗೆಯ ತಿದಿಯಂತೆ ಬಿಚ್ಚಿಕೊಂಡು ಬೀಳುತ್ತದೆ. ಕಾಗದ ಅದೇ, ಮಡಿಕೆ ಅದೇ, ತೂಕವೂ ಅದೇ. ದಿಕ್ಕು ಮಾತ್ರ ಬೇರೆ. ನಲ್ಲಿಯ ಹತ್ತಿರ ನಾನು ಮಾಡಿದ್ದು ಈ ಮೂರನೆಯದನ್ನು.

ತೆಳ್ಳನೆಯ ಚಪಾತಿಯ ಒಂದು ಅಂಚನ್ನು ಹಿಡಿದು ಎತ್ತಿದರೆ ಅದು ಬಟ್ಟೆಯಂತೆ ಜೋತು ಬೀಳುತ್ತದೆ. ಅದನ್ನೇ ದೋಣಿಯಾಕಾರಕ್ಕೆ ಸ್ವಲ್ಪ ಬಗ್ಗಿಸಿ ಹಿಡಿದರೆ ತುದಿಯವರೆಗೆ ನೆಟ್ಟಗೆ ನಿಲ್ಲುತ್ತದೆ. ತಾಳೆಮರದ ಎಲೆಯನ್ನು ನೋಡಿದ್ದೀರಾ? ಅಷ್ಟು ಅಗಲವಾದ ಎಲೆ ಗಾಳಿಯಲ್ಲಿ ಮಡಚಿಕೊಳ್ಳದೆ ನಿಲ್ಲುವುದು ಅದರಲ್ಲಿರುವ ಮಡಿಕೆಗಳಿಂದ.

ಬಾಗುವಾಗ ಒಳಗೆ ನಡೆಯುವುದೇನು?

ಉದ್ದನೆಯ ಮೆತ್ತಗಿನ ರಬ್ಬರು ತೆಗೆದುಕೊಳ್ಳಿ. ಅದರ ಪಕ್ಕದ ಮೇಲೆ ಪೆನ್ನಿನಿಂದ ನಿಂತ ಗೆರೆಗಳನ್ನು ಹತ್ತಿರ ಹತ್ತಿರ ಎಳೆಯಿರಿ. ಎರಡೂ ತುದಿ ಹಿಡಿದು, ನಡುಭಾಗ ಕೆಳಗೆ ಹೋಗುವಂತೆ ಬಗ್ಗಿಸಿ. ಗೆರೆಗಳು ಮೇಲ್ಭಾಗದಲ್ಲಿ ಒತ್ತೊತ್ತಾಗುತ್ತವೆ, ಕೆಳಭಾಗದಲ್ಲಿ ದೂರ ಸರಿಯುತ್ತವೆ. ಅಂದರೆ ಬಾಗುವ ವಸ್ತುವಿನ ಮೇಲಿನ ಪದರ ಕುಗ್ಗಬೇಕು, ಕೆಳಗಿನ ಪದರ ಹಿಗ್ಗಬೇಕು. ನಡುವಿನ ಪದರ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ.

ಮೇಲಿನ ಪದರವೂ ಕೆಳಗಿನ ಪದರವೂ ನಡುವಿನಿಂದ ಹತ್ತಿರ ಇದ್ದರೆ ಕುಗ್ಗುವ, ಹಿಗ್ಗುವ ಕೆಲಸ ತೀರ ಸ್ವಲ್ಪ. ಆದ್ದರಿಂದ ವಸ್ತು ಸುಲಭವಾಗಿ ಬಾಗುತ್ತದೆ. ದೂರ ಇದ್ದರೆ ಕೆಲಸ ಹೆಚ್ಚು, ಬಗ್ಗಿಸುವುದು ಕಷ್ಟ. ಮರದ ಪಟ್ಟಿಯನ್ನು ಮಲಗಿಸಿ ಬಗ್ಗಿಸಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಿದರೆ ಬಾಗುವುದಿಲ್ಲ. ಅಳತೆಪಟ್ಟಿಯಲ್ಲಿ ನೀವೇ ಪರೀಕ್ಷಿಸಿ.

ಈಗ ತಗಡಿಗೆ ಬರೋಣ. ಚಾವಣಿಯ ತಗಡು ಸುಮಾರು ಅರ್ಧ ಮಿ.ಮೀ. ದಪ್ಪ. ನಿಮ್ಮ ನೋಟ್ ಪುಸ್ತಕದ ಐದಾರು ಹಾಳೆ ಸೇರಿದಷ್ಟು, ಅಷ್ಟೇ. ಚಪ್ಪಟೆಯಾಗಿದ್ದಾಗ ಅದರ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಇರುವ ದೂರ ಅರ್ಧ ಮಿ.ಮೀ. ಮಾತ್ರ. ಅಲೆ ಮಾಡಿದ ಕೂಡಲೇ ಏನಾಗುತ್ತದೆ? ನಮ್ಮಲ್ಲಿ ಹೆಚ್ಚಾಗಿ ಕಾಣುವ ಶೀಟಿನಲ್ಲಿ ಒಂದು ಏರಿನಿಂದ ಮುಂದಿನ ಏರಿಗೆ ಸುಮಾರು 75 ಮಿ.ಮೀ., ಏರಿನ ನೆತ್ತಿಯಿಂದ ತಗ್ಗಿನ ತಳಕ್ಕೆ ಸುಮಾರು 18 ಮಿ.ಮೀ. ಈಗ ಮೇಲಿನ ಲೋಹಕ್ಕೂ ಕೆಳಗಿನ ಲೋಹಕ್ಕೂ 18 ಮಿ.ಮೀ. ದೂರ! ಅಲೆಯ ಉದ್ದಕ್ಕೆ ಬಗ್ಗಿಸಬೇಕೆಂದರೆ ಎಲ್ಲ ನೆತ್ತಿಗಳೂ ಕುಗ್ಗಬೇಕು, ಎಲ್ಲ ತಳಗಳೂ ಹಿಗ್ಗಬೇಕು. ಉಕ್ಕು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಇದರ ಲೆಕ್ಕವನ್ನು ನೀವು ಮುಂದೆ ಕಾಲೇಜಿನಲ್ಲಿ ಕಲಿಯಬಹುದು. ನಾನು ಮಾಡಿ ನೋಡಿದೆ. ಅರ್ಧ ಮಿ.ಮೀ. ದಪ್ಪದ ಚಪ್ಪಟೆ ತಗಡಿಗಿಂತ ಅದೇ ದಪ್ಪದ ಅಲೆ ತಗಡು, ಅಲೆಯ ಉದ್ದಕ್ಕೆ, ಸುಮಾರು ಎರಡು ಸಾವಿರ ಪಟ್ಟು ಹೆಚ್ಚು ಬಿಗಿಯಾಗಿರುತ್ತದೆ. ಉತ್ತರ ನಂಬಲಾಗದೆ ಇನ್ನೊಮ್ಮೆ ಲೆಕ್ಕ ಮಾಡಿದೆ. ಅಷ್ಟೇ ಬಂತು. ಚಪ್ಪಟೆ ಹಲಗೆಯಿಂದಲೇ ಇಷ್ಟು ಬಿಗಿ ಬರಬೇಕಾದರೆ ಅದು 6 ಮಿ.ಮೀ.ಗಿಂತ ದಪ್ಪ ಇರಬೇಕು. ನಲ್ಲಿಯ ಮೇಲೆ ಹಾಕಿದ ಶೀಟಿನ ತೂಕ ಹತ್ತೂವರೆ ಕೆ.ಜಿ. ಅದರ ಬದಲು ಇಂಥ ಚಪ್ಪಟೆ ಹಲಗೆ ಹಾಕಿದರೆ ನೂರು ಕೆ.ಜಿ. ಮೀರುತ್ತದೆ. ಅದನ್ನು ಕೊಳ್ಳುವವರು ಯಾರು, ಮೇಲೆ ಎತ್ತುವವರು ಯಾರು?

ಇಷ್ಟು ಲಾಭಕ್ಕೆ ನಾವು ಕೊಡುವ ಬೆಲೆ ಏನು ಗೊತ್ತೆ? ನೀವು ಮಡಿಸುವ ಮೊದಲು ಬರೆದಿಟ್ಟ ಅಗಲವನ್ನು ಈಗಿನ ಅಗಲದೊಂದಿಗೆ ಹೋಲಿಸಿ. ಹಾಳೆ ಕಿರಿದಾಗಿದೆ. ತಗಡೂ ಹಾಗೆಯೇ. 900 ಮಿ.ಮೀ. ಅಗಲದ ಚಪ್ಪಟೆ ತಗಡು ಅಲೆಯಾದ ಮೇಲೆ ಸುಮಾರು 800 ಮಿ.ಮೀ. ಆಗುತ್ತದೆ. ಒಂಬತ್ತರಲ್ಲಿ ಒಂದು ಪಾಲು ಅಗಲ ಹೋಯಿತು, ಬಿಗಿ ಎರಡು ಸಾವಿರ ಪಟ್ಟು ಬಂತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬಾಗದಿರುವುದು ಬೇರೆ, ಮುರಿಯದಿರುವುದು ಬೇರೆ. ಕಾಲಿಟ್ಟ ಜಾಗದಲ್ಲಿ ಅಲೆ ಒಮ್ಮೆ ಚಪ್ಪಟೆಯಾದರೆ ಆ ಬಿಗಿಯೆಲ್ಲ ಅಲ್ಲಿಗೆ ಮುಗಿಯಿತು, ತಗಡು ತಟ್ಟನೆ ಮಡಚಿಕೊಳ್ಳುತ್ತದೆ. ತುಕ್ಕು ಹಿಡಿದಿದ್ದರಂತೂ ಕಾಲು ತೂರಿ ಹೋಗುತ್ತದೆ. ಆದ್ದರಿಂದ ಚೆಂಡು ತೆಗೆಯಲು ತಗಡಿನ ಚಾವಣಿ ಹತ್ತಬೇಡಿ. ಚೆಂಡು ಹೋದರೆ ಹೋಗಲಿ.

ಒಂದೇ ಸಲ ಒತ್ತಿದರೆ ಆಗದೆ?

ಚಪ್ಪಟೆ ತಗಡನ್ನು ಅಲೆಯಾಗಿಸುವುದು ಹೇಗೆ? ಅಲೆಯಾಕಾರದ ಎರಡು ಅಚ್ಚುಗಳ ನಡುವೆ ಇಟ್ಟು ಧಡ್ ಎಂದು ಒತ್ತಿದರಾಯಿತು ಎಂದು ನಿಮಗೆ ಅನ್ನಿಸಬಹುದು. ಇದನ್ನೂ ಕಾಗದದಲ್ಲಿ ಪರೀಕ್ಷಿಸೋಣ.

ಮೇಜಿನ ಮೇಲೆ ನಾಲ್ಕು ಪೆನ್ಸಿಲುಗಳನ್ನು ಎರಡೆರಡು ಸೆಂ.ಮೀ. ಬಿಟ್ಟು ಸಮಾನಾಂತರವಾಗಿ ಅಂಟಿಸಿ. ಮೇಲೆ ತೆಳು ಕಾಗದ ಹಾಸಿ, ಅದರ ಎರಡೂ ಅಂಚುಗಳನ್ನು ಟೇಪಿನಿಂದ ಮೇಜಿಗೆ ಅಂಟಿಸಿ. ಈಗ ಪೆನ್ಸಿಲುಗಳ ನಡುವಿನ ಮೂರು ಸಂದಿಗಳಲ್ಲಿ ಇನ್ನು ಮೂರು ಪೆನ್ಸಿಲುಗಳನ್ನು ಒಟ್ಟಿಗೆ ಒತ್ತಿ. ಕಾಗದ ಹರಿಯುತ್ತದೆ, ಇಲ್ಲವೆ ಟೇಪು ಕಿತ್ತು ಬರುತ್ತದೆ. ಏಕೆಂದರೆ ಅಲೆ ಮಾಡಲು ಹೆಚ್ಚು ಕಾಗದ ಬೇಕು. ಅದು ಅಂಚಿನಿಂದ ಒಳಗೆ ಸರಿದು ಬರಬೇಕು. ನೀವು ಅಂಚನ್ನೇ ಹಿಡಿದಿಟ್ಟಿದ್ದೀರಿ.

ಟೇಪು ಇಲ್ಲದೆ ಇನ್ನೊಮ್ಮೆ ಮಾಡಿ. ಮೊದಲು ನಡುವಿನ ಸಂದಿಯಲ್ಲಿ ಒತ್ತಿ. ಎರಡೂ ಅಂಚುಗಳು ಒಳಗೆ ಸರಿಯುತ್ತವೆ. ಆಮೇಲೆ ಎಡ ಬಲದ ಸಂದಿಗಳಲ್ಲಿ ಒತ್ತಿ. ಕಾಗದ ಹರಿಯದೆ ಅಲೆಯಾಗುತ್ತದೆ. ಮೊದಲು ಎಡ ಬಲದಲ್ಲಿ ಒತ್ತಿ, ಕೊನೆಗೆ ನಡುವಿನದನ್ನು ಒತ್ತಲು ಹೋದರೆ? ಮಾಡಿ ನೋಡಿ, ನಾನು ಹೇಳುವುದಿಲ್ಲ.

ತಗಡಿನ ಯಂತ್ರವೂ ಇದೇ ನಿಯಮಕ್ಕೆ ತಲೆಬಾಗುತ್ತದೆ.

ಸುರುಳಿಯಿಂದ ಶೀಟಿಗೆ

ನಲ್ಲಿಯ ಪ್ರಸಂಗ ನಡೆದ ಮೇಲೆ ಕುತೂಹಲ ತಡೆಯಲಾರದೆ, ಒಂದು ಕೈಗಾರಿಕಾ ವಸಾಹತಿನಲ್ಲಿದ್ದ ಶೀಟು ಮಾಡುವ ಸಣ್ಣ ಘಟಕಕ್ಕೆ ಹೋಗಿ ಅರ್ಧ ದಿನ ನಿಂತು ನೋಡಿದೆ. ಅಂಥ ಘಟಕಗಳು ಉಕ್ಕನ್ನು ತಾವೇ ತಯಾರಿಸುವುದಿಲ್ಲ. ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಇರುವಂಥ ದೊಡ್ಡ ಉಕ್ಕಿನ ಕಾರ್ಖಾನೆಗಳು ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಮಾಡಿ, ಚಾಪೆ ಸುತ್ತಿದಂತೆ ಸುತ್ತಿ ಮಾರುತ್ತವೆ. ಇದಕ್ಕೆ ಕಾಯಿಲ್ ಎನ್ನುತ್ತಾರೆ. ನಾವು ಸುರುಳಿ ಎನ್ನೋಣ. 900 ಮಿ.ಮೀ. ಅಗಲ, ಅರ್ಧ ಮಿ.ಮೀ. ದಪ್ಪದ ಪಟ್ಟಿ ಒಂದು ಮೀಟರಿಗೆ ಸುಮಾರು ಮೂರೂವರೆ ಕೆ.ಜಿ. ತೂಗುತ್ತದೆ. ಒಂದು ಸುರುಳಿ 5 ಟನ್ ಇದ್ದರೆ ಬಿಚ್ಚಿದಾಗ ಎಷ್ಟು ಉದ್ದ? ಭಾಗಿಸಿ ನೋಡಿ. ಸುಮಾರು 1.4 ಕಿ.ಮೀ. ಬರುತ್ತದೆ! ಶಾಲೆಯಿಂದ ನಿಮ್ಮ ಮನೆಗೆ ಹಾಸಿದರೂ ಮಿಗಬಹುದು.

ಯಂತ್ರದ ಒಂದು ತುದಿಯಲ್ಲಿ ಈ ಸುರುಳಿ ಅಡ್ಡ ದಿಂಡಿನ ಮೇಲೆ ಕೂತು ನಿಧಾನವಾಗಿ ತಿರುಗುತ್ತಾ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ತಗಡು ರೋಲರುಗಳ ಸಾಲಿಗೆ ನುಗ್ಗುತ್ತದೆ. ಕಬ್ಬಿನ ಹಾಲಿನ ಗಾಡಿಯಲ್ಲಿ ಎರಡು ರೋಲರುಗಳು ಒಂದರ ವಿರುದ್ಧ ಒಂದು ತಿರುಗುತ್ತಾ ಕಬ್ಬನ್ನು ಒಳಗೆ ಎಳೆದುಕೊಳ್ಳುವುದನ್ನು ನೋಡಿದ್ದೀರಲ್ಲ? ಇಲ್ಲಿಯೂ ಹಾಗೆಯೇ, ಮೇಲೊಂದು ಕೆಳಗೊಂದು. ಆದರೆ ಜೋಡಿ ಒಂದಲ್ಲ. ನಾನು ನೋಡಿದ ಯಂತ್ರದಲ್ಲಿ 16 ಜೋಡಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಒಂದು ಮೋಟರು ಸರಪಳಿಗಳ ಮೂಲಕ ಎಲ್ಲವನ್ನೂ ಒಟ್ಟಿಗೆ ತಿರುಗಿಸುತ್ತಿತ್ತು.

ಈ ರೋಲರುಗಳಲ್ಲೇ ಇರುವುದು ಜಾಣತನ. ಮೊದಲ ಜೋಡಿಯಲ್ಲಿ ನಡುವೆ ಮಾತ್ರ ಒಂದು ಉಬ್ಬು, ಅದಕ್ಕೆ ಸರಿಯಾಗಿ ಒಂದು ತಗ್ಗು. ಉಳಿದ ಭಾಗ ನುಣುಪು. ಆ ಜೋಡಿಯನ್ನು ದಾಟಿದ ತಗಡಿನ ನಡುವೆ ಒಂದೇ ಒಂದು ಅಲೆ ಏಳುತ್ತದೆ, ಅದೂ ಪೂರ್ತಿ ಆಳವಾಗಿ ಅಲ್ಲ. ಮುಂದಿನ ಜೋಡಿಗಳು ಅದನ್ನು ಇನ್ನಷ್ಟು ಆಳ ಮಾಡುತ್ತವೆ, ಅದರ ಎಡಕ್ಕೊಂದು ಬಲಕ್ಕೊಂದು ಹೊಸ ಅಲೆ ಎಬ್ಬಿಸುತ್ತವೆ. ಹೀಗೆ ನಡುವಿನಿಂದ ಅಂಚಿನ ಕಡೆಗೆ. ಒಂದೊಂದು ಅಲೆ ಎದ್ದಾಗಲೂ ಎರಡೂ ಅಂಚುಗಳು ಸುಮ್ಮನೆ ಒಳಗೆ ಸರಿದುಕೊಳ್ಳುತ್ತವೆ, ಅವನ್ನು ಯಾರೂ ಹಿಡಿದಿಟ್ಟಿಲ್ಲ. ಮೊದಲ ಜೋಡಿಯ ಹತ್ತಿರ ನಿಂತು ನೋಡಿದರೆ ತಗಡು ಚಪ್ಪಟೆ, ಎಂಟನೆಯದರ ಹತ್ತಿರ ನಡುವೆ ಅಲೆ ಅಂಚಿನಲ್ಲಿ ಚಪ್ಪಟೆ, ಕೊನೆಯದರ ಹತ್ತಿರ ಪೂರ್ತಿ ಅಲೆ. ಕಾರ್ಖಾನೆಯವರು ಇಷ್ಟು ಜೋಡಿಗಳಿಗೆ ಹಣ ಸುರಿಯುವುದು ಸುಮ್ಮನೆ ಅಲ್ಲ. ಹತ್ತೂ ಅಲೆಗಳನ್ನು ಒಂದೇ ಜೋಡಿಯಲ್ಲಿ ಮಾಡಹೊರಟರೆ ತಗಡು ಒಳಗೆ ಸರಿಯಲಾಗದೆ ಹಿಂಜಿ, ತೆಳುವಾಗಿ, ಸೀಳಿ ಹೋಗುತ್ತದೆ. ಟೇಪು ಹಚ್ಚಿದ ನಿಮ್ಮ ಕಾಗದದ ಗತಿಯೇ ಅದಕ್ಕೂ.

ಇನ್ನೊಂದು ಬಗೆಯ ಯಂತ್ರವೂ ಉಂಟು. ಅದರಲ್ಲಿ ಹಲ್ಲುಚಕ್ರಗಳಂತೆ ಒಂದಕ್ಕೊಂದು ಕೂಡಿಕೊಳ್ಳುವ ಎರಡೇ ಉದ್ದ ರೋಲರುಗಳು. ತಗಡನ್ನು ಅಡ್ಡಲಾಗಿ ತೂರಿಸಿದರೆ ಒಂದಾದ ಮೇಲೊಂದು ಅಲೆ ಮೂಡುತ್ತಾ ಬರುತ್ತದೆ. ಅಲ್ಲಿ ತಗಡು ಹರಿಯುವುದಿಲ್ಲವೆ? ಇಲ್ಲ. ಏಕೆಂದರೆ ಇನ್ನೂ ಒಳಗೆ ಹೋಗದ ಭಾಗವನ್ನು ಯಾರೂ ಹಿಡಿದಿಟ್ಟಿರುವುದಿಲ್ಲ. ಯಂತ್ರ ಬೇರೆ, ನಿಯಮ ಅದೇ.

ರೋಲರುಗಳು ನಿಮಿಷಕ್ಕೆ ಸುಮಾರು 12 ಮೀಟರ್ ತಗಡನ್ನು ಹೊರಗೆ ದೂಡುತ್ತಿದ್ದವು. ಉದ್ದ ಅಳೆಯುವುದು ಹೇಗೆ? ತಗಡಿನ ಮೇಲೆ ಒಂದು ಪುಟ್ಟ ಗಾಲಿ ಉರುಳುತ್ತಾ ತನ್ನ ಸುತ್ತುಗಳನ್ನು ಯಂತ್ರದ ಲೆಕ್ಕಪೆಟ್ಟಿಗೆಗೆ ತಿಳಿಸುತ್ತಿರುತ್ತದೆ. ಗಾಲಿಯ ಸುತ್ತಳತೆ 25 ಸೆಂ.ಮೀ. ಎಂದುಕೊಳ್ಳಿ. 3 ಮೀಟರ್ ಶೀಟಿಗೆ ಎಷ್ಟು ಸುತ್ತು? ಅಷ್ಟು ಸುತ್ತಾದ ಕೂಡಲೇ ಯಂತ್ರ ಒಂದು ಕ್ಷಣ ನಿಂತು, ಕತ್ತರಿ ಕೆಳಗಿಳಿದು ಕಚ್ ಎಂದು ಕತ್ತರಿಸುತ್ತದೆ. ಆ ಕತ್ತರಿಯ ಅಲಗು ಕೂಡ ಅಲೆಯಾಕಾರದಲ್ಲೇ ಇದೆ. ನೇರ ಅಲಗಾಗಿದ್ದರೆ ಇಷ್ಟು ಕಷ್ಟಪಟ್ಟು ಮಾಡಿದ ಅಲೆಗಳು ತುದಿಯಲ್ಲಿ ಅಪ್ಪಚ್ಚಿಯಾಗುತ್ತಿದ್ದವು.

ಯಂತ್ರ ನಡೆಸುತ್ತಿದ್ದವರು ನನ್ನ ಅಂಗಿಯ ತೋಳನ್ನು ಮೇಲಕ್ಕೆ ಮಡಿಸಲು ಹೇಳಿದ ಮೇಲೆಯೇ ಹತ್ತಿರ ಬಿಟ್ಟದ್ದು. 'ಕಬ್ಬನ್ನ ಎಳಕೊಂಡಂಗ ಕೈನೂ ಎಳಕೋತೈತ್ರಿ, ಅದಕ್ಕ ಗುರ್ತು ಇರೂದಿಲ್ಲ' ಎಂದರು. ತಿರುಗುತ್ತಿರುವ ರೋಲರನ್ನು ಬಟ್ಟೆಯಿಂದ ಒರೆಸುವ ಹಾಗಿಲ್ಲ, ಒರೆಸಬೇಕಾದರೆ ಮೊದಲು ಯಂತ್ರ ನಿಲ್ಲಿಸಬೇಕು. ಯಂತ್ರದ ಬದಿಯಲ್ಲಿ ದೊಡ್ಡ ಕೆಂಪು ಗುಂಡಿ ಇತ್ತು. ಅಪಾಯವಾದರೆ ಯಾರು ಬೇಕಾದರೂ ಅದನ್ನು ಒತ್ತಿ ಯಂತ್ರ ನಿಲ್ಲಿಸಬಹುದು. ಹಬ್ಬ ಜಾತ್ರೆಗಳಲ್ಲಿ ಕಬ್ಬಿನ ಗಾಡಿಯ ಹತ್ತಿರ ನಿಲ್ಲುವಾಗ ನೀವೂ ಈ ಮಾತು ನೆನಪಿಡಿ.

ಹಿಂದಕ್ಕೆ ಚಿಮ್ಮುವ ಉಕ್ಕು

ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಸ್ವಲ್ಪ ಬಗ್ಗಿಸಿ ಬಿಟ್ಟರೆ ಮೊದಲಿನಂತೆಯೇ ಆಗುತ್ತದೆ. ಇದು ಸ್ಥಿತಿಸ್ಥಾಪಕತ್ವ. ಕಾಗದಕ್ಕೆ ಸಿಕ್ಕಿಸುವ ಜೆಮ್ ಕ್ಲಿಪ್ಪನ್ನು ಸ್ವಲ್ಪ ಅಗಲಿಸಿದರೆ ಅದೂ ಹಿಂದಕ್ಕೆ ಬರುತ್ತದೆ. ಹೆಚ್ಚು ಅಗಲಿಸಿದರೆ ಹಾಗೇ ಉಳಿಯುತ್ತದೆ. ಆದರೆ ಚೆನ್ನಾಗಿ ಗಮನಿಸಿ, ಕೈಬಿಟ್ಟ ಕೂಡಲೇ ಒಂದಿಷ್ಟು ಹಿಂದಕ್ಕೆ ಚಿಮ್ಮುತ್ತದೆ. ತಗಡೂ ಹೀಗೆಯೇ ಮಾಡುತ್ತದೆ. ರೋಲರಿನ ಒತ್ತಡದಿಂದ ಹೊರಬಂದ ಕೂಡಲೇ ಅಲೆಗಳು ಸ್ವಲ್ಪ ಬಿಚ್ಚಿಕೊಳ್ಳುತ್ತವೆ. ಅದಕ್ಕಾಗಿ ರೋಲರುಗಳು ಬೇಕಾದುದಕ್ಕಿಂತ ತುಸು ಹೆಚ್ಚೇ ಬಗ್ಗಿಸುತ್ತವೆ. ಹಿಂದಕ್ಕೆ ಚಿಮ್ಮಿದ ಮೇಲೆ ಅಳತೆ ಸರಿಹೋಗಬೇಕು. ಎಷ್ಟು ಹೆಚ್ಚು ಬಗ್ಗಿಸಬೇಕು ಎಂಬುದು ಉಕ್ಕು ಎಷ್ಟು ಗಡಸು, ಎಷ್ಟು ದಪ್ಪ ಎಂಬುದರ ಮೇಲೆ ನಿಂತಿದೆ. ಹೊಸ ಸುರುಳಿ ಹಾಕಿದಾಗ ಮೊದಲ ಶೀಟನ್ನು ಅಳೆದು ನೋಡಿಯೇ ಮುಂದುವರಿಯುತ್ತಿದ್ದರು.

ಜಿಂಕ್ ಎಂಬ ಹೆಸರು ಬಂದದ್ದು

ಅಲೆ ತಗಡನ್ನು ಮೊದಲು ಕಂಡುಹಿಡಿದವರು ಇಂಗ್ಲೆಂಡಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್. ಅವರು ಲಂಡನ್ ಬಂದರಿನ ಡಾಕ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಹಡಗಿನಿಂದ ಇಳಿಸಿದ ಸರಕು ಇಡಲು ವಿಶಾಲವಾದ, ಹಗುರವಾದ ಚಾವಣಿಗಳು ಅಲ್ಲಿ ಬೇಕಾಗಿದ್ದವು. 1829ರಲ್ಲಿ ಪಾಮರ್ ತಮ್ಮ ಅಲೆ ತಗಡಿಗೆ ಪೇಟೆಂಟ್ ಪಡೆದರು. ಅದರ ಚಾವಣಿ ಹೊದಿಸಿದ ಮೊದಲ ಕಟ್ಟಡಗಳಲ್ಲಿ ಒಂದು, ಬಣ್ಣಕ್ಕೆ ಬೆರೆಸುತ್ತಾರಲ್ಲ, ಆ ಟರ್ಪೆಂಟೈನ್ ಎಣ್ಣೆ ಇಡುವ ಶೆಡ್ಡು.

ಆದರೆ ಅದು ಬರೀ ಕಬ್ಬಿಣ. ಮಳೆಗೆ ತುಕ್ಕು ಹಿಡಿಯುತ್ತಿತ್ತು. ತಗಡು ತೆಳುವಾದಷ್ಟೂ ತುಕ್ಕು ಬೇಗ ಅದನ್ನು ತಿಂದು ಮುಗಿಸುತ್ತದೆ. ಈ ತೊಂದರೆಗೆ ದಾರಿ ಸಿಕ್ಕಿದ್ದು 1837ರಲ್ಲಿ. ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ವಿಧಾನಕ್ಕೆ ಫ್ರಾನ್ಸಿನ ಸ್ಟ್ಯಾನಿಸ್ಲಾಸ್ ಸೋರೆಲ್ ಪೇಟೆಂಟ್ ಪಡೆದರು. ಸತುವಿಗೆ ಇಂಗ್ಲಿಷಿನಲ್ಲಿ ಜಿಂಕ್ ಎಂದು ಹೆಸರು. ಜಿಂಕ್ ಶೀಟು ಎಂದರೆ ಇಡೀ ಸತುವಿನ ತಗಡಲ್ಲ, ಸತುವಿನ ಲೇಪ ಇರುವ ಉಕ್ಕಿನ ತಗಡು. (ಅದಿರಿನಿಂದ ಸತುವನ್ನು ಬೇರ್ಪಡಿಸುವ ವಿದ್ಯೆ ರಾಜಸ್ಥಾನದ ಜಾವರ್ ಎಂಬಲ್ಲಿ ಸೋರೆಲ್‌ಗಿಂತ ನೂರಾರು ವರ್ಷ ಮೊದಲೇ ನಡೆಯುತ್ತಿತ್ತು. ಅದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಹೇಳುತ್ತೇನೆ.) ಸತು ಹಚ್ಚಿದ ಮೇಲೆ ಅಲೆ ತಗಡು ಹಡಗೇರಿ ಪ್ರಪಂಚ ಸುತ್ತಿತು. 1850ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದಾಗ ಇಡೀ ಮನೆಗಳನ್ನೇ ಬಿಡಿಭಾಗಗಳಾಗಿ ಬ್ರಿಟನ್ನಿನಿಂದ ಅಲ್ಲಿಗೆ ಸಾಗಿಸಿದರು.

ಸತು ಎರಡು ಬಗೆಯಲ್ಲಿ ಕಾಯುತ್ತದೆ. ಒಂದು, ಹೊದಿಕೆಯಾಗಿ ನೀರನ್ನೂ ಗಾಳಿಯನ್ನೂ ಉಕ್ಕಿಗೆ ತಾಗದಂತೆ ತಡೆಯುತ್ತದೆ. ಎರಡನೆಯದು ಇನ್ನೂ ಸೊಗಸು. ಎಲ್ಲಾದರೂ ಗೀರು ಬಿದ್ದು ಉಕ್ಕು ಕಂಡರೂ, ಪಕ್ಕದ ಸತು ಮೊದಲು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಉಕ್ಕಿಗಿಂತ ಸತು ಹೆಚ್ಚು ಚಟುವಟಿಕೆಯ ಲೋಹ. ಆದ್ದರಿಂದಲೇ ಕತ್ತರಿಸಿದ ಅಂಚುಗಳಲ್ಲಿ ಲೇಪ ಇಲ್ಲದಿದ್ದರೂ ಅಲ್ಲಿ ತುಕ್ಕು ಬೇಗ ಹರಡುವುದಿಲ್ಲ.

ಚದರ ಮೀಟರಿಗೆ ಎರಡೂ ಬದಿ ಸೇರಿ 120 ಗ್ರಾಂ ಸತು ಹಚ್ಚಿದ ತಗಡಿನಲ್ಲಿ ಒಂದು ಬದಿಯ ಲೇಪದ ದಪ್ಪ ಒಂದು ಮಿ.ಮೀ.ನ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಸತು ಹಚ್ಚಿದ ಮೇಲೆಯೇ ತಗಡು ಈ ರೋಲರುಗಳಿಗೆ ಬರುವುದು. ಅಷ್ಟು ತೆಳುವಾದ ಲೇಪ ಬಿರುಕು ಬಿಡದೆ ಬಾಗಬೇಕು. ನಿಧಾನವಾಗಿ, ಸ್ವಲ್ಪಸ್ವಲ್ಪವೇ ಬಗ್ಗಿಸಲು ಇದೂ ಒಂದು ಕಾರಣ. ರೋಲರಿನ ಮೈ ಕನ್ನಡಿಯಂತೆ ನುಣುಪಾಗಿರುವುದೂ ಇದಕ್ಕಾಗಿಯೇ. ಈಗ ಎಲ್ಲೆಡೆ ಕಾಣುವ ನೀಲಿ, ಕೆಂಪು ಬಣ್ಣದ ಶೀಟುಗಳಲ್ಲಿ ಬಣ್ಣವನ್ನೂ ಮೊದಲೇ ಹಚ್ಚಿರುತ್ತಾರೆ. ಅವುಗಳ ಏರುಗಳು ಗುಂಡಗಿಲ್ಲದೆ ಮೂಲೆ ಮೂಲೆಯಾಗಿವೆ. ಕೆಲಸ ಮಾತ್ರ ಒಂದೇ.

ಮತ್ತೆ ಚಾವಣಿಯ ಮೇಲೆ

ತಗಡನ್ನು ಪೈಪಿಗೆ ಬಿಗಿಯುವ ಕೊಕ್ಕೆ ಬೋಲ್ಟನ್ನು ಏರಿನ ನೆತ್ತಿಯಲ್ಲಿ ಹಾಕುತ್ತಾರೆಯೇ ಹೊರತು ತಗ್ಗಿನಲ್ಲಿ ಅಲ್ಲ. ಏಕೆ ಎಂದು ನಿಮಗೇ ಹೊಳೆದಿರಬೇಕು. ನೀರು ಹರಿಯುವುದು ತಗ್ಗಿನಲ್ಲಿ, ಅಲ್ಲಿ ತೂತು ಮಾಡಿದರೆ ಸೋರುತ್ತದೆ. ಪಕ್ಕದ ಶೀಟಿನ ಮೇಲೆ ಒಂದೂವರೆ ಅಲೆಯಷ್ಟು ಹತ್ತಿಸಿ ಹಾಕುತ್ತಾರೆ. ಹಾಗಾದರೆ 800 ಮಿ.ಮೀ. ಅಗಲದ ಶೀಟು ನಿಜವಾಗಿ ಮುಚ್ಚುವ ಅಗಲ ಎಷ್ಟು?

ಬೋಲ್ಟು ಇಲ್ಲದೆ ಬರೀ ಕಲ್ಲು ಹೇರಿದ ತಗಡುಗಳನ್ನೂ ನೀವು ನೋಡಿರುತ್ತೀರಿ. ಒಂದು ಕಾಗದದ ಪಟ್ಟಿಯನ್ನು ತುಟಿಯ ಕೆಳಗೆ ಹಿಡಿದು ಅದರ ಮೇಲ್ಗಡೆ ಜೋರಾಗಿ ಊದಿ. ಜೋತುಬಿದ್ದ ಪಟ್ಟಿ ಮೇಲಕ್ಕೆ ಏಳುತ್ತದೆ. ಬಿರುಗಾಳಿ ಚಾವಣಿಯ ಮೇಲೆ ಹಾಯುವಾಗ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಗಾಳಿ ತಗಡನ್ನು ಕೆಳಗಿನಿಂದ ಎತ್ತುತ್ತದೆ. ಅಂಚು ಮತ್ತು ಮೂಲೆಗಳಲ್ಲಿ ಈ ಎಳೆತ ಹೆಚ್ಚು. ಆಗ ತಗಡಿನ ಜೊತೆಗೆ ಕಲ್ಲೂ ಹಾರುತ್ತದೆ. ಮುಂಗಾರಿಗೆ ಮೊದಲು ಬೀಸುವ ಗಾಳಿಯಲ್ಲಿ ಜನರಿಗೆ ಪೆಟ್ಟಾಗುವುದು ಎಷ್ಟೋ ಸಲ ಹೀಗೆಯೇ. ನಿಮ್ಮ ಮನೆಯಲ್ಲಿ ಕಲ್ಲು ಹೇರಿದ ತಗಡು ಇದ್ದರೆ ಅಪ್ಪ ಅಮ್ಮನಿಗೆ ಈ ಕಾಗದದ ಪ್ರಯೋಗ ತೋರಿಸಿ.

ನಲ್ಲಿಯ ಮೇಲಿನ ತಗಡು ಏನಾಯಿತು ಎಂದು ಕೇಳುತ್ತೀರಲ್ಲವೆ? ಹೊಸ ತಗಡು ತರಿಸಲಿಲ್ಲ. ಆ ಹುಡುಗಿ ಹೇಳಿದಂತೆ ಮೂರು ಗಿಡ್ಡ ಪೈಪುಗಳನ್ನು ಉದ್ದ ಪೈಪುಗಳ ಮೇಲೆ ಅಡ್ಡಲಾಗಿ ಬಿಗಿದೆವು. ಎರಡು ತುದಿಗಳ ಹತ್ತಿರ ಎರಡು, ನಡುವೆ ಒಂದು. ಒಂದು ಕಡೆಯ ಕಂಬಗಳನ್ನು ಒಂದು ಗೇಣು ಗಿಡ್ಡ ಮಾಡಿಸಿ, ನೀರು ಅಲೆಯ ತಗ್ಗಿನಲ್ಲೇ ಹರಿದು ಬರುವಂತೆ ಮಾಡಿದೆವು. ಬೀಳುವ ನೀರಿನ ಕೆಳಗೆ ಮಕ್ಕಳು ಒಂದು ಪೇರಲ ಗಿಡ ನೆಟ್ಟಿದ್ದಾರೆ.

ನಾಳೆ ಶಾಲೆಗೆ ಹೋದಾಗ ಸೈಕಲ್ ನಿಲ್ಲಿಸುವ ಜಾಗದ ಚಾವಣಿಯ ಕೆಳಗೆ ನಿಂತು ತಲೆ ಎತ್ತಿ ನೋಡಿ. ಅಲೆಗಳು ಯಾವ ದಿಕ್ಕಿಗೆ ಹೋಗುತ್ತಿವೆ? ಅವನ್ನು ಹೊತ್ತ ಪೈಪುಗಳು ಯಾವ ದಿಕ್ಕಿಗೆ? ಎರಡರ ನಡುವಿನ ಕೋನ ಎಷ್ಟು? ಒಂದು ಪೈಪಿನಿಂದ ಇನ್ನೊಂದು ಪೈಪಿಗೆ ಎಷ್ಟು ದೂರ ಎಂದು ನೆಲದ ಮೇಲೆ ಹೆಜ್ಜೆಯಿಂದ ಅಳೆದು ಬರೆದುಕೊಳ್ಳಿ. ಎಲ್ಲಾದರೂ ತಗಡು ಜಗ್ಗಿದ್ದರೆ, ಅಲ್ಲಿ ಪೈಪುಗಳ ನಡುವಿನ ದೂರ ಬೇರೆ ಕಡೆಗಿಂತ ಹೆಚ್ಚಿದೆಯೇ ನೋಡಿ, ನಿಮ್ಮ ಗುರುಗಳಿಗೆ ತಿಳಿಸಿ.